ಮುಂಭಾಗವಿಲ್ಲದ ಇಗರ್ಜಿ

ಧೂಳಿನ ಗಾಳಿ ಏಳಬಹುದಿತ್ತು. ಎದ್ದರೆ ಮಗಳ ಬಿಳಿ ಗೌನು ಕಾರಿನಿಂದ ಬಾಗಿಲು ಮುಟ್ಟುವಷ್ಟರಲ್ಲಿ ಮಣ್ಣಿನ ಬಣ್ಣಕ್ಕೆ ತಿರುಗಬಹುದಿತ್ತು. ಕಾರಿನ ಏಸಿ ಕೈಕೊಡಬಹುದಿತ್ತು. ಪಾರ್ಕಿಂಗಿನ ಮರಳಿನಲ್ಲಿ ಟಯರ್ ಹೂತು, ನಾವೆಲ್ಲ ಹಬ್ಬದ ಬಟ್ಟೆಯಲ್ಲಿ ಕಾರು ತಳ್ಳಬೇಕಾಗಬಹುದಿತ್ತು. ಗೇಟಿನ ಕಾವಲಿನವನು ನನ್ನ ತಾಯಿಯ ಪಾಸ್‌ಪೋರ್ಟನ್ನು ತಿರುವಿ ಹಾಕಿ, ವಿಸಿಟ್ ವೀಸಾದವರಿಗೆ 'ಮಾಫಿ', ಪ್ರವೇಶವಿಲ್ಲ, ಎಂದು ತಲೆಯಾಡಿಸಬಹುದಿತ್ತು. ಖಾಲಿ ಹೊಟ್ಟೆಯ ಮಗಳು ಸಾಲಿನಲ್ಲೇ ತಲೆಸುತ್ತಿ ಬೀಳಬಹುದಿತ್ತು. ಬೀಳದಿದ್ದರೆ, ಆಮೆನ್ ಎನ್ನಬೇಕಾದಲ್ಲಿ 'ಥ್ಯಾಂಕ್ಯೂ ಫಾದರ್' ಎಂದುಬಿಡಬಹುದಿತ್ತು. ಅವಳ ಕೈಯ ಮೇಣದ ಬತ್ತಿ ಮುಂದಿನ ಹುಡುಗಿಯ ವೇಲಿಗೆ ತಾಗಬಹುದಿತ್ತು. ತಾಗದೆಯೇ ಬರೀ ಹೊಗೆಗೆ ಬೆಂಕಿಯ ಅಲಾರಂ ಹೊಡೆದುಕೊಂಡು, ಇಡೀ ಸಭೆ ಬಿಸಿಲಿಗೆ ಓಡಬಹುದಿತ್ತು. ಶುಕ್ರವಾರವೇ ಟೆಂಡರ್ ಎಂದು ನನ್ನ ಮ್ಯಾನೇಜರ್ ಫೋನ್ ಮಾಡಬಹುದಿತ್ತು. ಎಲ್ಲವೂ ಸರಿಹೋದರೂ, ತಾಯಿ ಅಂದೇ ಬಿ.ಪಿ. ಏರಿಸಿಕೊಂಡು ಮನೆಯಲ್ಲಿ ಮಲಗಿಬಿಡಬಹುದಿತ್ತು.

ಇದನ್ನೆಲ್ಲ ಹೆಂಡತಿಗೆ ಹೇಳಿ ಮುಗಿಸಿದಾಗ ಅವಳು ಇಸ್ತ್ರಿ ಪೆಟ್ಟಿಗೆಯಿಂದ ತಲೆ ಎತ್ತದೆಯೇ, "ಭೂಕಂಪ ಬಿಟ್ಟು ಹೋಯ್ತು" ಎಂದಳು.

"ಕತಾರಿನಲ್ಲಿ ಭೂಕಂಪ ಆಗುವುದಿಲ್ಲ" ಎಂದೆ. ಮರುದಿನ ಆಫೀಸಿನಲ್ಲಿ ಸ್ಟ್ರಕ್ಚರಲ್ ಎಂಜಿನಿಯರ್‌ನನ್ನು ಕೇಳಿ ಅದನ್ನೂ ಖಚಿತಪಡಿಸಿಕೊಂಡೆ.

ವಿಷಯ ಇಷ್ಟೇ. ಎರಡು ಸಾವಿರದ ಎಂಟರ ಬೇಸಿಗೆ. ದೋಹಾದಲ್ಲಿ ಕಥೋಲಿಕರಿಗೆ ಮೊದಲ ಇಗರ್ಜಿ ತೆರೆದು ಕೆಲವೇ ವಾರಗಳಾಗಿದ್ದವು. ನನ್ನ ಮಗಳು ಅಲ್ಲಿ ಪ್ರಥಮ ಪರಮಪ್ರಸಾದ, ಅಂದರೆ ಪಾದ್ರಿಯ ಕೈಯಿಂದ ನಾಲಗೆಯ ಮೇಲೆ ಮೊದಲ ಸಲ ಪವಿತ್ರ ರೊಟ್ಟಿ, ಸ್ವೀಕರಿಸುವವಳಿದ್ದಳು. ಅದನ್ನು ನೋಡಲು ನನ್ನ ತಾಯಿ ಊರಿನಿಂದ ಬಂದಿದ್ದಳು. ಅಣ್ಣನ ಮಕ್ಕಳು ಕೆನಡಾದಲ್ಲಿ, ತಂಗಿಯ ಮಕ್ಕಳು ಮಸ್ಕತ್ತಿನಲ್ಲಿ; ಅವರೆಲ್ಲರ ಪ್ರಥಮ ಪರಮಪ್ರಸಾದವನ್ನು ತಾಯಿ ಲಕೋಟೆಯಲ್ಲಿ ಬಂದ ಫೋಟೋಗಳಲ್ಲಿ ಕಂಡವಳು. "ಇದೊಂದನ್ನಾದ್ರೂ ಕಣ್ಣಾರೆ ನೋಡ್ಬೇಕು ಪುತಾ, ಮತ್ತೆ ಉಳಿದದ್ದು ನನಗೆ ಬೇಡ" ಎಂದು ಫೋನಿನಲ್ಲಿ ಹೇಳಿದ್ದಳು. ಆ ಮಾತು ನನ್ನ ತಲೆಯೊಳಗೆ ಬಾಡಿಗೆ ಕೊಡದ ಬಾಡಿಗೆದಾರನ ಹಾಗೆ ಕೂತುಬಿಟ್ಟಿತು.

ಚಳಿಗಾಲದಲ್ಲೇ ಎಲ್ಲ ಮುಗಿಯುತ್ತದೆಂದು ಲೆಕ್ಕ ಹಾಕಿ ಅವಳನ್ನು ಕರೆಸಿದ್ದೆ. ಆದರೆ ಹೊಸ ಇಗರ್ಜಿ ತೆರೆದ ಮೇಲೆಯೇ ಮಕ್ಕಳ ಪ್ರಸಾದ ಎಂದಾಯಿತು. ಇಗರ್ಜಿ ತೆರೆಯುವುದು ಮುಂದಕ್ಕೆ ಹೋದ ಹಾಗೆ ಪ್ರಸಾದವೂ ಮುಂದಕ್ಕೆ ಹೋಯಿತು; ಗೌನಿನ ಅಂಚನ್ನು ಒಮ್ಮೆ ಬಿಚ್ಚಿ ಉದ್ದ ಮಾಡಬೇಕಾಯಿತು; ತಾಯಿಯ ವೀಸಾವನ್ನೂ ಉದ್ದ ಮಾಡಬೇಕಾಯಿತು. ಸರಕಾರಿ ಕಚೇರಿಗಳಲ್ಲಿ ನಮ್ಮ ಕಂಪನಿಯ ಕೆಲಸ ನೋಡುವ ಮಂದೂಬ್ ನಾನು ಎದುರು ಬಂದರೆ ಮೊಬೈಲ್ ಕಿವಿಗೆ ಹಿಡಿದು ದಾರಿ ಬದಲಿಸತೊಡಗಿದ್ದ. ಕೊನೆಗೆ ವೀಸಾ ಬಂತು. ಅಲ್ಲಿನ ವಾರದ ರಜೆಯಾದ ಶುಕ್ರವಾರ ಪ್ರಸಾದ, ಶನಿವಾರ ಮಂಗಳೂರಿಗೆ ವಿಮಾನ. ನಡುವೆ ಒಂದು ಕೆಮ್ಮಿಗೂ ಜಾಗವಿರಲಿಲ್ಲ.

ನಾನು ಕನ್ಸಲ್ಟೆಂಟ್ ಆಫೀಸೊಂದರಲ್ಲಿ ನಕ್ಷೆ ಎಳೆಯುವವನು. ಕಟ್ಟಡವೆಂದರೆ ನನಗೆ ಮೊದಲು ಎಲಿವೇಶನ್, ಅಂದರೆ ಎದುರಿನಿಂದ ಕಾಣುವ ಮುಖ. ಕರಾವಳಿಯ ಕಥೋಲಿಕನಿಗೆ ಇದನ್ನು ಕಲಿಸಬೇಕಿಲ್ಲ. ನಮ್ಮ ಊರಿನ ಇಗರ್ಜಿ ಹೊಲದಾಚೆಯಿಂದಲೇ ಕಾಣುತ್ತದೆ: ಸುಣ್ಣ ಬಳಿದ ಮುರಕಲ್ಲಿನ ಎತ್ತರದ ಮುಖ, ಪಕ್ಕದಲ್ಲಿ ಗಂಟೆಗೋಪುರ, ತುದಿಯಲ್ಲಿ ಶಿಲುಬೆ. ಹಿಂಬದಿ ಹೆಂಚಿನ ಸಾಧಾರಣ ಕೊಟ್ಟಿಗೆಯಂತಿದ್ದರೂ ಯಾರೂ ಕೇಳುವುದಿಲ್ಲ. ದುಡ್ಡು ಬಂದಾಗ ಮೊದಲು ಮುಖ, ಉಳಿದರೆ ಶೌಚಾಲಯ. ಇತಿಹಾಸವೂ ಮುಖದ ಹತ್ತಿರವೇ ಇರುತ್ತದೆ. ಹೆಬ್ಬಾಗಿಲ ಪಕ್ಕದ ಕಲ್ಲಿನಲ್ಲಿ ಪಾದ್ರಿಗಳ ಹೆಸರು ಸಾಲಾಗಿ ಕೆತ್ತಿರುತ್ತಾರೆ. ಪ್ರವಚನ ಉದ್ದವಾದಾಗ ಹೊರಗೆ ಜಾರಿಕೊಂಡ ಗಂಡಸರು ಅದನ್ನು ಓದುತ್ತಾ ನಿಲ್ಲುತ್ತಾರೆ.

ದೋಹಾದ ಇಗರ್ಜಿಗೆ ಕೆತ್ತಲು ಕಲ್ಲೂ ಇರಲಿಲ್ಲ, ಕೆತ್ತುವ ಇತಿಹಾಸವೂ ಇರಲಿಲ್ಲ. ಇದ್ದ ಇತಿಹಾಸವೆಲ್ಲ ಯಾರ ಕಣ್ಣಿಗೂ ಬೀಳದಂತೆ ನಡೆದದ್ದು. ನಾನು ಬಂದ ಹೊಸತರಲ್ಲಿ ಬಹಿರಂಗವಾಗಿ ಪೂಜೆ ಮಾಡುವಂತಿರಲಿಲ್ಲ; ಅದು ಯಾರದೋ ವಿಲ್ಲಾದ ಹಾಲ್‌ನಲ್ಲಿ. ಸೋಫಾಗಳನ್ನು ಗೋಡೆಗೆ ಒತ್ತಿ, ಊಟದ ಮೇಜಿಗೆ ಬಿಳಿ ಬಟ್ಟೆ ಹಾಸಿದರೆ ಅದೇ ಪೀಠ. ಕಾರುಗಳನ್ನು ಬೇರೆ ಬೇರೆ ಗಲ್ಲಿಗಳಲ್ಲಿ ನಿಲ್ಲಿಸಿ ಒಬ್ಬೊಬ್ಬರಾಗಿ ಬರಬೇಕು. ಹಾಡು ಹೊರಗೆ ಕೇಳಿಸಬಾರದೆಂದು ಕಿಟಕಿಯ ಏಸಿಗಳನ್ನು ಪೂರ್ತಿ ಬಿಡುತ್ತಿದ್ದರು. ಆ ಗುಡುಗಿನಲ್ಲಿ ಪ್ರವಚನವೂ ಕೇಳಿಸುತ್ತಿರಲಿಲ್ಲ, ಅದೊಂದು ಲಾಭ. ಪೂಜೆ ಮುಗಿದ ಮೇಲೆ ಪಾತ್ರೆ, ಬಟ್ಟೆ, ಶಿಲುಬೆ ಎಲ್ಲ ಯಾರದೋ ಕಾರಿನ ಡಿಕ್ಕಿಗೆ. ನಮ್ಮ ಇಗರ್ಜಿ ವರ್ಷಗಟ್ಟಲೆ ಟೊಯೋಟಾ ಕಾರುಗಳಲ್ಲಿ ಊರು ಸುತ್ತಿತು. ಆಗಲೂ ನನಗೆ ಒಂದೇ ಚಿಂತೆ: ಟ್ರಾಫಿಕ್ ಪೊಲೀಸ್ ಡಿಕ್ಕಿ ತೆರೆಸಿದರೆ? ಯಾರೂ ತೆರೆಸಲಿಲ್ಲ.

ಆಮೇಲೆ ದೊರೆಯೇ ಊರ ಹೊರಗೆ ಜಾಗ ಕೊಟ್ಟು, ಕಟ್ಟಿಕೊಳ್ಳಿ ಎಂದರು. ಹೊರಗೆ ಶಿಲುಬೆ ಬೇಡ, ಗಂಟೆ ಬೇಡ, ಗೋಪುರ ಬೇಡ. ಜಾಗ ಕೊಟ್ಟ ಮನೆಯ ಯಜಮಾನನ ಮಾತು, ಅದಕ್ಕೆ ನನ್ನ ತಕರಾರಿಲ್ಲ. ತಕರಾರು ಇದ್ದದ್ದು ನನ್ನ ಕೈಯ ಪೆನ್ಸಿಲಿಗೆ. ಎಷ್ಟು ಸಲ ನೋಡಿದರೂ ಆ ಕಟ್ಟಡದ ಎಲಿವೇಶನ್ ಎಲ್ಲಿಂದ ಶುರುಮಾಡಬೇಕೆಂದು ತೋಚುತ್ತಿರಲಿಲ್ಲ. ಮಣ್ಣಿನ ಬಣ್ಣದ ದುಂಡಗಿನ ಗೋಡೆ, ಮೇಲೆ ತಟ್ಟೆ ಕವುಚಿದಂತಹ ಚಾವಣಿ, ಸುತ್ತ ಕಣ್ಣು ಹಾಯುವಷ್ಟು ಮರಳು.

ಮದೀನತ್ ಖಲೀಫಾದಲ್ಲಿ ನಮ್ಮ ಗಲ್ಲಿಯ ಮೂಲೆಗೆ ಉಳ್ಳಾಲದ ಬ್ಯಾರಿಯೊಬ್ಬರ ಕಿರಾಣಿ ಅಂಗಡಿ ಇತ್ತು. ಊರಿನಲ್ಲಿ ಕ್ರೈಸ್ತರನ್ನು ಕರೆಯುವಂತೆ ನನ್ನನ್ನು ಪೊರ್ಬುಗಳೇ ಎನ್ನುವ ಅವರು ಗೆಣಸು ತೂಗುತ್ತಾ ಒಂದು ದಿನ ಶುರುಮಾಡಿದರು. "ಪೊರ್ಬುಗಳೇ, ನಿಮ್ಮ ಇಗರ್ಜಿಗೆ ನಾನೊಂದು ಸುತ್ತು ಬಂದೆ ಮಾರಾಯ್ರೇ. ಮುಂದೆ ಯಾವುದು ಹಿಂದೆ ಯಾವುದು ತಿಳೀಲಿಲ್ಲ."

"ನನಗೂ ತಿಳಿಯಲಿಲ್ಲ ಬ್ಯಾರಿಗಳೇ. ಇಷ್ಟು ವರ್ಷ ಅದೂ ಇರಲಿಲ್ಲವಲ್ಲ."

"ಅದು ಹೌದು. ನಮಗೆ ನಮಾಜಿಗೆ ಗಲ್ಲಿಗೊಂದು ಪಳ್ಳಿ. ನಿಮಗೆ ಎಲ್ಲಾ ಸೇರಿ ಒಂದು. ಆದ್ರೆ ಒಂದು ಮಾತು, ಪಾರ್ಕಿಂಗ್ ಮಾತ್ರ ನಿಮ್ಮದೇ ದೊಡ್ಡದು. ಶುಕ್ರವಾರ ನಮಗೆ ಗಾಡಿ ಇಡ್ಲಿಕ್ಕೆ ಅಂಗೈಯಗಲ ಜಾಗ ಇಲ್ಲ."

ತಾಯಿಯನ್ನು ಮೊದಲ ಸಲ ಅಲ್ಲಿಗೆ ಕರೆದುಕೊಂಡು ಹೋದಾಗ ಅವಳು ಕಾರಿನಿಂದ ಇಳಿಯಲೇ ಇಲ್ಲ.

"ಇಳಿ ಮಾಯ್. ಬಂತು."

"ಏನು ಬಂತು?"

"ಇಗರ್ಜಿ."

ಅವಳು ಸೆರಗು ಹಣೆಗೆ ಅಡ್ಡ ಹಿಡಿದು ದಿಟ್ಟಿಸಿದಳು. "ಇದಾ? ನಮ್ಮ ಸೊಸೈಟಿಯವರ ಗೋಡೌನು ಇದಕ್ಕಿಂತ ಚಂದ ಉಂಟು. ಗಂಟೆ ಎಲ್ಲಿ?"

"ಗಂಟೆ ಇಲ್ಲ."

"ಮತ್ತೆ ಪೂಜೆ ಶುರುವಾದದ್ದು ಜನಕ್ಕೆ ಗೊತ್ತಾಗೋದು ಹೇಗೆ?"

"ಎಲ್ಲರ ಹತ್ರ ಮೊಬೈಲ್ ಉಂಟಲ್ಲ."

"ದೇವರಿಗೂ ಮೊಬೈಲ್ ಉಂಟಾ?" ಎಂದು ಗೊಣಗುತ್ತಾ ಇಳಿದಳು. ಗೇಟಿನ ತಪಾಸಣೆಯಲ್ಲಿ ಚೀಲದಿಂದ ಜಪಮಾಲೆ, ವಿಕ್ಸ್, ಒಣ ಶುಂಠಿ ಹೊರಗೆ ಬಂದವು. ಕಾವಲಿನವನು ಶುಂಠಿಯನ್ನು ಮೂಸಿ ವಾಪಸು ಕೊಟ್ಟ. ನನ್ನ ಬೆವರು ಅಂಗಿ ದಾಟಿ ಕೋಟಿಗೆ ಬಂದಿತ್ತು. ಮೇ ತಿಂಗಳ ದೋಹಾದಲ್ಲಿ ಕೋಟು ಹಾಕಿದ್ದು ಯಾಕೆಂದು ಹೆಂಡತಿ ಕೇಳಿದ್ದಳು, ಗೌರವಕ್ಕೆ ಎಂದಿದ್ದೆ.

ಒಳಗೆ ಹೋದ ಮೇಲೆ ತಾಯಿ ಮಾತು ನಿಲ್ಲಿಸಿದಳು. ಒಳಗೆ ಶಿಲುಬೆ ಇತ್ತು, ಮಾತೆಯ ಮೂರ್ತಿ ಇತ್ತು. ಪೀಠದ ಸುತ್ತ ಬೀಸಣಿಗೆ ಬಿಚ್ಚಿದಂತೆ ಬೆಂಚುಗಳು. ಅಷ್ಟು ದೊಡ್ಡ ಸಭಾಂಗಣದಲ್ಲಿ ನಡುವೆ ಒಂದು ಕಂಬವಿಲ್ಲ. ಇದರ ನಕ್ಷೆ ಎಳೆದವನು ಹೊರಮೈಯಲ್ಲಿ ತನಗೆ ಮಾಡಲು ಬಿಡದ ಕೆಲಸವನ್ನೆಲ್ಲ ಒಳಗೆ ಒಂದೇ ವಿಷಯಕ್ಕೆ ಸುರಿದಿದ್ದಾನೆ ಅನಿಸಿತು. ಎಲ್ಲಿ ಕೂತವನಿಗೂ ಪೀಠ ಕಾಣಬೇಕು, ಅಷ್ಟೇ. ಅಂದು ಮೊದಲ ಸಲ ಆ ಕಟ್ಟಡದ ಮೇಲಿನ ನನ್ನ ಸಿಟ್ಟು ಸ್ವಲ್ಪ ಇಳಿಯಿತು. ತಾಯಿಗೆ ಮಾತ್ರ ಹೊಸ ತೊಂದರೆ ಎದುರಾಯಿತು. ನಮ್ಮ ಊರಲ್ಲಿ ಹೆಂಗಸರು ಎಡಕ್ಕೆ, ಗಂಡಸರು ಬಲಕ್ಕೆ. ಬೀಸಣಿಗೆಗೆ ಎಡ ಯಾವುದು, ಬಲ ಯಾವುದು? ಅವಳು ನಿಂತಲ್ಲೇ ಒಂದು ಸುತ್ತು ತಿರುಗಿ, ಕೊನೆಗೆ ಫಿಲಿಪ್ಪೀನಿನ ನರ್ಸುಗಳು ತುಂಬಿದ್ದ ಬೆಂಚೊಂದನ್ನು ಹುಡುಕಿ, ಅವರ ನಡುವೆ ನೆಮ್ಮದಿಯಾಗಿ ಕೂತಳು.

ಪ್ರವಚನ ಶುರುವಾದದ್ದೇ ನಮ್ಮ ಕಡೆಯ ಗಂಡಸರು ಅಭ್ಯಾಸಬಲದಿಂದ ಎದ್ದು ಹೊರಗೆ ಹೋದರು. ಹೊರಗೆ ಮೊಗಸಾಲೆ ಇರಲಿಲ್ಲ, ಓದಲು ಕಲ್ಲಿರಲಿಲ್ಲ, ನೆರಳೂ ಇರಲಿಲ್ಲ. ಕೆಂಪಗಾಗಿ ಒಳಗೆ ಬಂದರು. ನಾನೂ ಅವರಲ್ಲೊಬ್ಬ.

ಮನೆಯಲ್ಲಿ ತಾಯಿಯೇ ತಾನು ಮುದ್ದಿನಿಂದ 'ಬಾಯ್' ಎಂದು ಕರೆಯುವ ಮೊಮ್ಮಗಳಿಗೆ ತಾಲೀಮು ಕೊಡುತ್ತಿದ್ದಳು. ಇಲ್ಲಿನ ಕುಬ್ಬೂಸ್ ರೊಟ್ಟಿಯನ್ನು ಲೋಟದ ಬಾಯಿಂದ ಒತ್ತಿ ದುಂಡಗೆ ಕತ್ತರಿಸಿ, ಪಾದ್ರಿಯ ಹಾಗೆ ಎತ್ತಿ ಹಿಡಿದು, ಅವಳ ನಾಲಗೆಯ ಮೇಲಿಡುವಳು. "ಕಚ್ಚಬಾರ್ದು ಬಾಯ್. ಅಂಗುಳಕ್ಕೆ ಅಂಟಿದ್ರೆ ಬೆರಳು ಹಾಕಬಾರ್ದು." ಮಗಳು ಕುಬ್ಬೂಸ್ ಕರಗಲು ಕಾಯುತ್ತಾ ಕಣ್ಣು ಮೇಲೆ ಮಾಡುವಳು. ಕುಬ್ಬೂಸ್ ಎಲ್ಲಿ ಕರಗುತ್ತದೆ? "ನೀವು ನಂಗೆ ನೋಡ್ತೀರಲ್ಲ?" ಎಂದು ತನ್ನ ಅರೆಬರೆ ಭಾಷೆಯಲ್ಲಿ ಕೇಳುವಳು. "ಅದಕ್ಕೇ ಅಲ್ವಾ ಬಂದದ್ದು" ಎನ್ನುವಳು ತಾಯಿ.

ತೊಂದರೆ ಇದ್ದದ್ದು ಬೇರೆ ಕಡೆ. ಪ್ರತಿ ಮಗುವಿನ ಹಿಂದೆ ಅದರ ತಂದೆತಾಯಿ ಸಾಲಿನಲ್ಲಿ ನಡೆಯಬೇಕೆಂಬ ಕ್ರಮ. ಅಂದರೆ ನನಗೂ ಹೆಂಡತಿಗೂ ಕಾಣುವುದು ವೇಲಿನ ಹಿಂಭಾಗ ಮಾತ್ರ. ಕ್ಯಾಮೆರಾ ಯಾರೂ ತರುವಂತಿಲ್ಲ. ಎಲ್ಲ ಮುಗಿದ ಮೇಲೆ ಎಲ್ಲ ಮಕ್ಕಳದ್ದು ಒಟ್ಟಿಗೆ ಒಂದು ಫೋಟೋ. ಆದ್ದರಿಂದ ಆ ಕ್ಷಣ ನಮ್ಮ ಮನೆಯಲ್ಲಿ ಯಾರಿಗಾದರೂ ದಕ್ಕುವುದಿದ್ದರೆ ಅದು ತಾಯಿಗೆ.

ಗುರುವಾರ ರಿಹರ್ಸಲ್ ನಡೆಯುವಾಗ ನಾನು ಬೆಂಚಿನಿಂದ ಬೆಂಚಿಗೆ ಕೂತು ನೋಡಿದೆ. ಆಫೀಸಿನಲ್ಲಿ ಸ್ಟೇಡಿಯಮ್ಮಿನ ನಕ್ಷೆಗೆ ಹೀಗೆಯೇ ಮಾಡುತ್ತೇವೆ: ಕೂತವನ ಕಣ್ಣಿನಿಂದ ಮೈದಾನಕ್ಕೆ ಗೆರೆ ಎಳೆದು, ನಡುವೆ ಯಾರ ತಲೆ ಅಡ್ಡ ಬರುತ್ತದೆಂದು ಪರೀಕ್ಷಿಸುವುದು. ಈ ಬೆಂಚಿನಲ್ಲಿ ಪಾದ್ರಿಯ ಬೆನ್ನು ಅಡ್ಡ. ಆ ಬೆಂಚಿನಲ್ಲಿ ಹೂಕುಂಡ. ಇನ್ನೊಂದರಲ್ಲಿ, ಗಾಯನ ತಂಡದ ದಪ್ಪ ಮನುಷ್ಯ ಉಸಿರೆಳೆದುಕೊಂಡರೆ ಮಾತ್ರ ಅಡ್ಡ. ಕೊನೆಗೆ ಸಿಕ್ಕಿತು: ಬದಿಯ ಎರಡನೆಯ ಬೆಂಚು, ದಾರಿಯ ತುದಿ. ಅಲ್ಲಿಂದ ಮಗಳ ಮುಖ ಪಕ್ಕದಿಂದ ಪೂರ್ತಿ ಕಾಣುತ್ತಿತ್ತು, ತುಟಿಯ ಸಮೇತ.

ವ್ಯವಸ್ಥೆ ನೋಡುತ್ತಿದ್ದ ಗೋವಾದ ಹೆಂಗಸು ಬಂದು, "ಅಂಕಲ್, ಯಾವ ಮಗುವಿನ ಕಡೆಯವರು ನೀವು? ಯಾಕೆ ಎಲ್ಲಾ ಬೆಂಚಲ್ಲೂ ಕೂರ್ತಿದ್ದೀರಿ?" ಎಂದಳು. ಬೆಂಚು ಗಟ್ಟಿಯಿದೆಯೇ ನೋಡುತ್ತಿದ್ದೇನೆ ಎಂದೆ. ಅವಳು ನಂಬಲಿಲ್ಲ.

ಶುಕ್ರವಾರ ಧೂಳು ಏಳಲಿಲ್ಲ. ಏಸಿ ನಡೆಯಿತು. ಟಯರ್ ಹೂಳಲಿಲ್ಲ. ಕಾವಲಿನವನು ಪಾಸ್‌ಪೋರ್ಟ್ ಕೇಳಲೂ ಇಲ್ಲ, "ಯಲ್ಲಾ ಮಾಮಾ, ಯಲ್ಲಾ" ಎಂದು ತಾಯಿಯನ್ನು ಒಳಗೆ ಬಿಟ್ಟ. ಬಾಗಿಲು ತೆರೆಯುವ ಮೊದಲೇ ನಾವು ತಲುಪಿದ್ದರಿಂದ ಆ ಬೆಂಚಿನ ಆ ತುದಿಯೂ ಸಿಕ್ಕಿತು. ಇದು ಗಂಡಸರ ಬದಿಯಾ ಎಂದು ತಾಯಿ ತಕರಾರು ತೆಗೆದಳು. ಇಲ್ಲಿ ಬದಿಯೇ ಇಲ್ಲ, ದಯವಿಟ್ಟು ಏಳಬೇಡ ಎಂದು ಕೈ ಮುಗಿದೆ. ಮಕ್ಕಳ ಸಾಲು ಹೊರಟಿತು. ಮೇಣದ ಬತ್ತಿ ನೆಟ್ಟಗಿತ್ತು. ಮಗಳು ನೆಟ್ಟಗಿದ್ದಳು. ಪಾದ್ರಿಗಳ ಕೈ ಮೇಲೆದ್ದು ಅವಳ ಮುಖದ ಹತ್ತಿರ ಇಳಿದದ್ದು ನನಗೆ ವೇಲಿನ ಮೇಲಿಂದ ಕಂಡಿತು. ಆಮೆನ್ ಎಂಬ ಸಣ್ಣ ದನಿ ಕೇಳಿಸಿತು. ಥ್ಯಾಂಕ್ಯೂ ಇರಲಿಲ್ಲ. ಎಷ್ಟೋ ತಿಂಗಳ ಮೇಲೆ ನನ್ನ ಹೆಗಲು ಕೆಳಗಿಳಿಯಿತು.

ಮನೆಗೆ ಹೊರಟಾಗ ಕಾರಿನ ಹಿಂದಿನ ಸೀಟಿನಲ್ಲಿ ಅಜ್ಜಿ, ಮೊಮ್ಮಗಳು. ಮೊದಲ ರೌಂಡಬೌಟ್ ದಾಟುವವರೆಗೆ ತಡೆದುಕೊಂಡಿದ್ದ ನಾನು ಕೇಳಿಯೇಬಿಟ್ಟೆ.

"ಹೇಗೆ ಮಾಯ್, ಸರೀ ಕಂಡಿತಲ್ಲ?"

"ಏನು?"

"ಏನು ಅಂದ್ರೆ? ಇವಳು ಪ್ರಸಾದ ತಗೊಂಡದ್ದು."

"ಅದನ್ನು ಯಾರಾದ್ರೂ ನೋಡ್ತಾರಾ?" ತಾಯಿಗೆ ನಿಜಕ್ಕೂ ಆಶ್ಚರ್ಯವಾಗಿತ್ತು. "ಆ ಹೊತ್ತಿಗೆ ಮೊಣಕಾಲೂರಿ ಕಣ್ಣು ಮುಚ್ಬೇಕು. ನಾನು ಗಟ್ಟಿ ಮುಚ್ಚಿದ್ದೆ. ಇನ್ನೊಬ್ಬರ ನಾಲಗೆ ನೋಡ್ಲಿಕ್ಕೆ ಇಗರ್ಜಿಗೆ ಹೋಗೋದಾ?"

"ನೋಡ್ಬೇಕು ಅಂತ ನೀನೇ ಹೇಳಿದ್ದಲ್ವಾ! ಅದಕ್ಕೇ ಬಂದದ್ದು!"

"ಬಂದೆನಲ್ಲ. ಅಲ್ಲೇ ಇದ್ದೆನಲ್ಲ."

ಹೆಂಡತಿ ಕಿಟಕಿಯ ಕಡೆ ಮುಖ ತಿರುಗಿಸಿದಳು. ಅವಳ ಭುಜ ಅಲುಗುತ್ತಿತ್ತು. ನನ್ನ ಬಾಲ್ಯದಲ್ಲಿ ಪ್ರಸಾದದ ಹೊತ್ತಿಗೆ ಸಾಲಿನ ಕಡೆ ಕಣ್ಣು ಹೊರಳಿಸಿದ್ದಕ್ಕೆ ತೊಡೆ ಚಿವುಟಿದವಳು ಇದೇ ತಾಯಿ. ನಮ್ಮ ಕಡೆಯ ಯಾವ ಮಗುವಿಗೂ ಗೊತ್ತಿರುವ ಸಂಗತಿ. ಬೆಂಚು ಬೆಂಚು ಕೂತು ಕಣ್ಣಿನಿಂದ ಪೀಠಕ್ಕೆ ಗೆರೆ ಎಳೆದವನಿಗೆ, ಆ ಕಣ್ಣು ತೆರೆದಿರುತ್ತದೆಯೇ ಎಂದು ಒಮ್ಮೆಯೂ ಹೊಳೆಯಲಿಲ್ಲ.

"ನೋಡೇ ಇಲ್ವಾ?" ಎಂದಳು ಮಗಳು. ಅವಳ ದನಿ ತೆಳ್ಳಗಾಗಿತ್ತು.

"ಇಲ್ಲ ಬಾಯ್. ನೀನು ಚಂದ ತಗೊಂಡ್ಯಾ?"

"ಹ್ಞೂಂ."

"ಹಾಗಾದ್ರೆ ಆಯ್ತು" ಎಂದು ತಾಯಿ ಅವಳ ವೇಲಿನ ಪಿನ್ನು ಬಿಚ್ಚತೊಡಗಿದಳು.

ಮರುದಿನ ಸಂಜೆಯ ವಿಮಾನ ಸರಿಯಾದ ಹೊತ್ತಿಗೆ ಹೊರಟಿತು. ಮಗಳು ಪ್ರಥಮ ಪರಮಪ್ರಸಾದ ಸ್ವೀಕರಿಸಿದ್ದನ್ನು ನಮ್ಮ ಮನೆಯವರು ಯಾರೂ ನೋಡಲಿಲ್ಲ.