ಬೇಲಿಯಾಚೆಗೆ ಹಾರಿದ ಹಕ್ಕಿ

ಐರ್ಲೆಂಡಿನ ಲೆಟರ್‌ಕೆನ್ನಿಯ ಆಸ್ಪತ್ರೆಯಲ್ಲಿ ನನ್ನ ಜೊತೆ ಕೆಲಸ ಮಾಡುತ್ತಿದ್ದ ಹಿರಿಯ ನರ್ಸ್ ಉಡುಪಿ ಕಡೆಯವರು; ನಾನು ಅವರನ್ನು ಅಕ್ಕ ಎಂದೇ ಕರೆಯುತ್ತಿದ್ದೆ. ಐರಿಷ್ ರೈತನನ್ನು ಮದುವೆಯಾಗಿ ಬೇಟೆ ಕಲಿತಿದ್ದರು. ಬಂದೂಕು ಕೈಗೆ ಬಂದಾಗಲೆಲ್ಲ ನಡುವಿನ ಕೀಲಿನಲ್ಲಿ ಮಡಚಿ ತೆರೆದು, ನಳಿಗೆ ಖಾಲಿಯಿದೆಯೇ ಎಂದು ನೋಡುವರು. ಈಗಷ್ಟೇ ನೋಡಿದ್ದರೂ ಮತ್ತೆ ನೋಡುವರು. "ಆಚೆ ಎಂತ ಉಂಟು ಅಂತ ಕಾಣದೆ ಹೊಡೀಲಿಕ್ಕಿಲ್ಲ ಮಾರಾಯ್ತಿ" ಎಂಬುದು ಅವರ ಮಾತು.

ಕೋವಿಡ್ ಕಾಲದ ಚಳಿಗಾಲದಲ್ಲಿ, ಒಂದು ರಜೆಯ ಬೆಳಿಗ್ಗೆ, ನನ್ನನ್ನೂ ತಮ್ಮ ಹೊಲಕ್ಕೆ ಕರೆದೊಯ್ದರು. ನಾಯಿ ಪೊದೆಗೆ ನುಗ್ಗಿತು. ಕಾಡುಕೋಳಿಯಂಥ ಫೆಸೆಂಟ್ ಹಕ್ಕಿಯೊಂದು ಹೊಲದಂಚಿನ ಗಿಡಗಳ ಬೇಲಿಯತ್ತ ತಗ್ಗಾಗಿ ಹಾರಿತು. ಗುರಿಯಿಟ್ಟಿದ್ದ ಅಕ್ಕ ತಟ್ಟನೆ ನಳಿಗೆಯನ್ನು ಆಕಾಶಕ್ಕೆತ್ತಿದರು.

"ಅಕ್ಕ, ಹೊಡೀರಿ, ಹೋಗ್ತಾ ಇದೆ!" ಎಂದೆ.

"ಹೋಗ್ಲಿ. ಬೇಲಿ ದಪ್ಪ ಉಂಟು, ಆಚೆ ಕಾಣುದಿಲ್ಲ," ಎಂದು ತೋಟಾಗಳನ್ನು ತೆಗೆದು ಜೇಬಿಗೆ ಹಾಕಿಕೊಂಡರು.

ಅಷ್ಟರಲ್ಲಿ ಬೇಲಿಯಾಚೆ ಯಾರೋ ಕೆಮ್ಮಿದರು. ಮುದುಕರೊಬ್ಬರು ಕೋಲೂರಿಕೊಂಡು ಗೇಟಿನ ಬಳಿ ಬಂದರು. ನಮ್ಮ ವಾರ್ಡಿನಲ್ಲಿ ವಾರಗಟ್ಟಲೆ ಆಕ್ಸಿಜನ್ ಮೇಲಿದ್ದವರು. ಹಾಸಿಗೆಯಿಂದ ಎಬ್ಬಿಸಿ ಮತ್ತೆ ನಡೆಯಲು ಕಲಿಸಿದ್ದು ಅಕ್ಕನೇ. ಅವರನ್ನು ಕಂಡು ಅಕ್ಕನ ಮುಖ ಬಿಳಿಚಿಕೊಂಡಿತು. ಸಾವರಿಸಿಕೊಂಡು, ದೂರದಿಂದಲೇ "ಉಸಿರಾಟ ಹೇಗಿದೆ?" ಎಂದು ಇಂಗ್ಲಿಷಿನಲ್ಲಿ ಕೂಗಿ ಕೇಳಿದರು.

"ಗ್ರ್ಯಾಂಡ್!" ಎಂದು, ಚೆನ್ನಾಗಿದ್ದೇನೆ ಎನ್ನುವಂತೆ ಕೋಲೆತ್ತಿ ತೋರಿಸಿದ ಮುದುಕರು ಗುಡ್ಡ ಹತ್ತತೊಡಗಿದರು. ಅವರು ತಿರುವಿನಲ್ಲಿ ಮರೆಯಾಗುವವರೆಗೂ ಅಕ್ಕ, ಮಡಚಿದ ಬಂದೂಕನ್ನು ತೋಳಿಗೆ ಹಾಕಿಕೊಂಡು, ನಗುತ್ತಾ ನೋಡುತ್ತಿದ್ದರು.