ಗೆಲ್ಲುವ ವೇಷ

ಅಮೆರಿಕದ ಟೀವಿ ಕುಸ್ತಿ ಸುಳ್ಳು ಎಂದು ಯಾರಾದರೂ ಬುದ್ಧಿ ಹೇಳಲು ಬಂದರೆ ನನಗೆ ಮೈ ಉರಿಯುತ್ತದೆ. ಸುಳ್ಳೆಂದು ಗೊತ್ತಿಲ್ಲದವ ಯಾವನಿದ್ದಾನೆ ಮಾರಾಯ್ರೆ? ಯಾರು ಗೆಲ್ಲಬೇಕು, ಯಾರು ಬೀಳಬೇಕು ಎನ್ನುವುದನ್ನು ಒಳಗೆ ಕೂತು ಮೊದಲೇ ಬರೆದಿಟ್ಟಿರುತ್ತಾರೆ. ಅಷ್ಟು ನಮಗೂ ಗೊತ್ತು. ನಮ್ಮ ಜಗಳ ಇರುವುದೇ ಆ ಬರೆಯುವವರ ಜೊತೆ. ಒಳ್ಳೆಯವನನ್ನು ಯಾಕೆ ಮೂಲೆಗೆ ಹಾಕಿದಿರಿ, ಮೊನ್ನೆ ಬಂದವನಿಗೆ ಯಾಕೆ ಚಾಂಪಿಯನ್ ಬೆಲ್ಟ್ ಕೊಟ್ಟಿರಿ, ಅವನು ಯಾರ ಅಳಿಯ, ಯಾರ ಕಡೆಯವ, ಇದೇ ನಮ್ಮ ಮಾತು.

ಬ್ರಹ್ಮಾವರದ ಬಸ್‌ಸ್ಟ್ಯಾಂಡ್ ಹತ್ತಿರ ನನ್ನದೊಂದು ಮೊಬೈಲ್ ರಿಪೇರಿ ಅಂಗಡಿ ಇದೆ. ಫೋನಿನಲ್ಲಿ ಕುಸ್ತಿ ನೋಡುವವರ ಒಂದು ಗ್ರೂಪ್ ಮಾಡಿಕೊಂಡಿದ್ದೆವು. ಬೈಂದೂರಿನವರು, ಕುಂದಾಪುರದವರು, ಮುಂಬೈ ಹೋಟೆಲಿನಲ್ಲಿ ಇರುವವರು, ಗಂಗೊಳ್ಳಿಯಿಂದ ದೋಣಿಗೆ ಹೋಗುವ ಇಬ್ಬರು. ಅದರಲ್ಲಿ ಎಲ್ಲರಿಗಿಂತ ಉದ್ದುದ್ದ ಬರೆಯುವವ ನಾನು. ಗಿರಾಕಿ ಮುಂದೆ ನಿಂತಿದ್ದರೂ ಬರೆಯುತ್ತಿದ್ದೆ. ಬಾಯಿಗೆ ಬಂದ ಹಾಗೆ ಬೈಯುತ್ತಿದ್ದೆ. ಆ ಕಂಪನಿಯವರಿಗೆ ಕನ್ನಡ ಬರುವುದಿಲ್ಲ ಎನ್ನುವುದು ಅವರ ಪುಣ್ಯ.

ಮಂಗಳವಾರ ಬೆಳಿಗ್ಗೆ ಕುಸ್ತಿ ನೇರ ಬರುತ್ತದೆ. ಅಂಗಡಿ ತೆರೆಯುವ ಮೊದಲು ಬಾರ್ಕೂರಿನ ನಮ್ಮ ಮನೆಯ ಚಾವಡಿಯಲ್ಲಿ ನಾನು ಮತ್ತು ನನ್ನ ಮಾವ, ಅಂದರೆ ಅಮ್ಮನ ಅಣ್ಣ, ಅಕ್ಕಪಕ್ಕ ಕೂತು ನೋಡುತ್ತಿದ್ದೆವು. ಮಾವ ಮದುವೆಯಾದವರಲ್ಲ. ಯಕ್ಷಗಾನದ ಮೇಳದಲ್ಲಿ ಮೂವತ್ತೆರಡು ವರ್ಷ ತಿರುಗಾಟ ಮಾಡಿ, ಮೊಣಕಾಲು ಹೋದ ಮೇಲೆ ನಮ್ಮ ಮನೆಗೆ ಬಂದು ಕೂತವರು. ಅವರದ್ದು ಬಣ್ಣದ ವೇಷ. ಮುಖಕ್ಕೆ ಎರಡು ಗಂಟೆ ಬಣ್ಣ ಬರೆದುಕೊಂಡು, ರಾಕ್ಷಸನಾಗಿ ಆರ್ಭಟೆ ಕೊಟ್ಟು ಬಂದು, ಕಡೆಗೆ ರಾಜನ ಕೈಯಲ್ಲಿ ಸಾಯುವುದು. ಮೂವತ್ತೆರಡು ವರ್ಷ ಅವರು ಹೋದಲ್ಲೆಲ್ಲ ಸೋತರು.

ಕುಸ್ತಿ ನೋಡುವ ಹುಚ್ಚು ಅವರಿಗೆ ಹಿಡಿಸಿದವ ನಾನೇ. ಮೊದಮೊದಲು ನಗುತ್ತಿದ್ದರು. ಎರಡು ವಾರ ಕಳೆದದ್ದೇ ತಡ, ನನಗೇ ಪಾಠ ಹೇಳಲು ಸುರು ಮಾಡಿದರು. ಗಂಜಿಯ ಬಟ್ಟಲು ಕೈಯಲ್ಲಿ ಹಿಡಿದುಕೊಂಡು, "ಇದ್ ಎಂತ ಹೊಸತ್ತ್ ಮಾಣಿ? ನಮ್ ಚೌಕಿಯಗೆ ಆಪುದೂ ಇದೇ ಅಲ್ದಾ" ಎನ್ನುತ್ತಿದ್ದರು. ಚೌಕಿ ಎಂದರೆ ರಂಗಸ್ಥಳದ ಹಿಂದೆ ಬಣ್ಣ ಬರೆದುಕೊಳ್ಳುವ ಜಾಗ. ಒಬ್ಬ ಕುಸ್ತಿಯವ ಬಿದ್ದ ರೀತಿ ನೋಡಿ, "ಕಾಣ್ ಅವ್ನ್. ಎದ್ರ್ ಇಪ್ಪವ್ನಿಗೆ ಶಕ್ತಿಯೇ ಇಲ್ಲೆ. ಇವ ಬಿದ್ ಕೊಟ್ಟದ್ಕೆ ಅವ ದೊಡ್ಡವ ಆದ" ಎಂದು ತೋರಿಸುತ್ತಿದ್ದರು. ನಾನು ಐದು ವರ್ಷ ನೋಡಿಯೂ ನನಗೆ ಕಾಣದೇ ಇದ್ದದ್ದು ಅವರಿಗೆ ಕಾಣುತ್ತಿತ್ತು. ಅವರ ಮಾತನ್ನೇ ನನ್ನದೆನ್ನುವ ಹಾಗೆ ಗ್ರೂಪಿನಲ್ಲಿ ಬರೆದು ಶಭಾಷ್ ಗಿಟ್ಟಿಸಿಕೊಂಡದ್ದೂ ಉಂಟು.

ಮೇಳದ ರಾಜಕೀಯವನ್ನು ಅವರು ಹೇಳಿದ್ದು ಕಡಿಮೆ. ಒಂದು ಮಾತ್ರ ಹೇಳಿದ್ದರು. ಹಟ್ಟಿಯಂಗಡಿ ಹತ್ತಿರ ಒಂದು ಆಟ, ಅಂದರೆ ಯಕ್ಷಗಾನ. ರಾಜನ ವೇಷದವರು ಜ್ವರ ಬಂದು ಮಲಗಿದರು. ಮೇಳದ ಮ್ಯಾನೇಜರ್ ಮಾವನಿಗೆ ಮಾಡಲು ಹೇಳಿದ. ಇವರು ಮುಖಕ್ಕೆ ಬಣ್ಣ ಹಾಕಿ, ತಲೆಗೆ ಮುಂಡಾಸು ಕಟ್ಟಿ, ಕನ್ನಡಿ ಮುಂದೆ ಕೂತಾಗಿತ್ತು. ಅಷ್ಟರಲ್ಲಿ ಮೇಳದ ಯಜಮಾನರ ಸಂಬಂಧಿಕನೊಬ್ಬ ಬಂದ. ಕಟ್ಟಿದ ಮುಂಡಾಸು ಬಿಚ್ಚಿಸಿದರು. ಮಾವ ಮುಖ ತೊಳೆದುಕೊಂಡು ಮತ್ತೆ ರಾಕ್ಷಸನ ಬಣ್ಣ ಬರೆದುಕೊಂಡರಂತೆ. "ಬೇಜಾರ್ ಆಯ್ಲಿಲ್ಯಾ ಮಾವ?" ಎಂದರೆ, "ಪುರ್ಸೊತ್ತ್ ಎಲ್ಲಿತ್ತ್? ಬಣ್ಣ ಬರೆಯುಕೆ ಹೊತ್ತಾಯ್ತಲ್ದಾ" ಎಂದು ನಕ್ಕರು.

ನಾವು ಹೀಗೆ ಕೂತು ನೋಡುತ್ತಿದ್ದ ಕಾಲದಲ್ಲೇ ಕುಸ್ತಿಯಲ್ಲೂ ಒಬ್ಬ ಮುದುಕ ಇದ್ದ. ಮುದುಕ ಎಂದರೆ ನಲವತ್ತೈದು ದಾಟಿದವ. ಇಪ್ಪತ್ತು ವರ್ಷ ಬಂದವರಿಗೆಲ್ಲ ಬಿದ್ದು ಕೊಟ್ಟು ಅವರನ್ನು ದೊಡ್ಡವರನ್ನಾಗಿ ಮಾಡಿದ ಪ್ರಾಣಿ. ನಿವೃತ್ತಿ ಹತ್ತಿರ ಬಂದಿತ್ತು. ಒಂದು ಸಲ ಬೆಲ್ಟ್ ಅವನಿಗೆ ಸಿಗುತ್ತದೆ ಎಂದು ನಾವೆಲ್ಲ ಕಾದಿದ್ದೆವು. ಕೊಡಲಿಲ್ಲ ಬೇವರ್ಸಿಗಳು. ಟಿಕೆಟ್ ಖರ್ಚಾಗಬೇಕೆಂದು ಸಿನೆಮಾದಿಂದ ಬಂದ ಒಬ್ಬನ ಕೈಯಲ್ಲಿ ಅವನನ್ನು ಹೊಡೆಸಿ ಹಾಕಿದರು. ಕೂತಲ್ಲೇ ಗ್ರೂಪಿಗೆ ಬರೆದೆ, ಬರೆದದ್ದನ್ನು ಮಾವನಿಗೆ ಗಟ್ಟಿಯಾಗಿ ಓದಿದೆ: "ಇಪ್ಪತ್ತು ವರ್ಷ ಬಿದ್ದವನಿಗೆ ಒಂದೇ ಒಂದು ದಿನ ಗೆಲುವು ಕೊಟ್ಟರೆ ನಿಮ್ಮ ಅಪ್ಪನ ಮನೆಯ ಗಂಟು ಹೋಗುತ್ತದಾ? ಜನ ಬರುತ್ತಾರೆ ಎನ್ನುವುದು ನೆವ. ನಿಮಗೆ ಮನುಷ್ಯನ ಬೆಲೆ ಗೊತ್ತಿಲ್ಲ."

ಮಾವ ಪೂರ್ತಿ ಕೇಳಿದರು. ಬಟ್ಟಲು ತೊಳೆಯಲು ಎದ್ದು ಹೋದರು.

ನಮ್ಮ ಮನೆಯದ್ದೊಂದು ಹರಕೆ ಆಟ ಬಾಕಿ ಇತ್ತು. ನಾನು ತ್ರಾಸಿಯಲ್ಲಿ ಬೈಕಿನಿಂದ ಬಿದ್ದು ಕಾಲು ಮುರಿದುಕೊಂಡಾಗ ಅಮ್ಮ ದೇವಿಗೆ ಹೇಳಿಕೊಂಡ ಹರಕೆ. ಮೇಳದ ಆಟಕ್ಕೆ ಸರದಿ ಸಿಗುವುದೇ ಕಷ್ಟ. ನನ್ನ ಕಾಲು ಕೂಡಿ, ನಾನು ಮತ್ತೆ ಬೈಕು ಹತ್ತಿ ಎಷ್ಟೋ ವರ್ಷವಾದ ಮೇಲೆ ಆ ಫೆಬ್ರವರಿಯಲ್ಲಿ ನಮ್ಮ ದಿನ ಬಂತು. ಆಟ ಆಡಿಸುವ ಮನೆಯವರು ಇಂಥ ಪ್ರಸಂಗ ಬೇಕು, ಇಂಥವರಿಂದ ಇಂಥ ವೇಷ ಮಾಡಿಸಿ ಎಂದು ಕೇಳಿಕೊಳ್ಳುವ ಕ್ರಮ ನಮ್ಮಲ್ಲಿ ಇದೆ. ಮೇಳದವರು ಆದಷ್ಟು ನಡೆಸಿಕೊಡುತ್ತಾರೆ. ಮನೆಯ ವ್ಯವಹಾರ ನೋಡುವವ ನಾನೊಬ್ಬನೇ ಆದ್ದರಿಂದ ಮ್ಯಾನೇಜರನ ಜೊತೆ ಮಾತಾಡುವ ಕೆಲಸ ನನ್ನ ತಲೆಗೆ ಬಂತು.

ಒಂದು ಸಂಜೆ ಅಂಗಡಿಯಿಂದ ಬಂದು ಕಾಲು ತೊಳೆಯುತ್ತಿದ್ದೆ. ಮಾವ ಬಾವಿಕಟ್ಟೆಯ ಹತ್ತಿರ ಬಂದು ನಿಂತರು. ಏನೋ ಹೇಳಲಿಕ್ಕೆ ಇದೆ ಎಂದು ಗೊತ್ತಾಯಿತು.

"ಮಾಣಿ, ಒಂದ್ ಕೇಂತೆ. ಆತಿಲ್ಲೆ ಅಂದ್ರೆ ಬ್ಯಾಡ."

"ಎಂತ ಮಾವ?"

"ನಮ್ ಆಟಕ್ಕೆ ನಾನೊಂದ್ ವೇಷ ಮಾಡ್ಲಾ? ಬಣ್ಣ ಅಲ್ಲ. ರಾಜಂದ್. ಒಂದ್ ಸರ್ತಿ ಗೆಲ್ಲು ವೇಷ ಮಾಡ್ಕ್ ಅಂತ ಆಸಿ ಇತ್ತ್."

ತಾನಾಗಿ ಒಂದು ಲೋಟ ನೀರು ಕೇಳಿದವರಲ್ಲ ಆ ಮನುಷ್ಯ. "ಎಂತ ಮಾವ ನೀವ್, ಅದ್ನ್ ಕೇಣುಕಿತ್ತಾ? ನೀವೇ ಮಾಡುದ್. ಮುಗೀತ್" ಎಂದೆ. ಅವರು ಮಗುವಿನ ಹಾಗೆ ನಕ್ಕರು. ಅಮ್ಮನಿಗೆ ಹೇಳಲು ಕುಂಟುತ್ತಾ ಒಳಗೆ ಓಡಿದರು.

ಅದರ ಮಾರನೇ ದಿನದಿಂದ ಅಭ್ಯಾಸ ಸುರು. ಮಧ್ಯಾಹ್ನ ಊಟ ಆದ ಮೇಲೆ ಮನೆ ಹಿಂದಿನ ತೆಂಗಿನ ತೋಟದಲ್ಲಿ, ಮೊಣಕಾಲಿಗೆ ಬಟ್ಟೆ ಸುತ್ತಿಕೊಂಡು ಕುಣಿಯುತ್ತಿದ್ದರು. ಅಮ್ಮ ನೋಡಿ, "ಅಣ್ಣ, ಕಾಲ್ ಕಾಣಿ, ಇದ್ದದ್ದೂ ಹೋತ್" ಎಂದು ಬೈಯುತ್ತಿದ್ದಳು. ಒಂದು ಭಾನುವಾರ ನಾನೂ ಹೋಗಿ ನಿಂತೆ. ರಾಕ್ಷಸನನ್ನು ಕೊಂದ ಜಾಗದ ತನಕ ಚೆನ್ನಾಗಿ ಬಂತು. ಅಲ್ಲಿಗೆ ನಿಂತುಬಿಟ್ಟರು. ಕೈಗಳನ್ನು ಎಲ್ಲಿಡುವುದೆಂದು ತಿಳಿಯದೆ ಸುಮ್ಮನೆ ಆಚೆ ಈಚೆ ನೋಡಿದರು.

"ಇನ್ ಎಂತ ಮಾಡುದ್ ಅಂದೇ ಗೊತ್ತಿಲ್ಲೆ ಮಾಣಿ" ಎಂದರು. "ನಾನ್ ಸತ್ತ್ ಚೌಕಿಗ್ ಹೋಯಿ ಬಣ್ಣ ತೆಗೀತಾ ಇಪ್ಪುದಲ್ದಾ. ಗೆದ್ದವ್ರ್ ಎಲ್ಲಿ ನಿಲ್ತ್ರ್, ಎಂತ ಮಾಡ್ತ್ರ್, ಕಂಡವನೇ ಅಲ್ಲ ನಾನ್."

ಮೂವತ್ತೆರಡು ವರ್ಷ ಮೇಳದಲ್ಲಿದ್ದವರು ಆಟದ ಕೊನೆಯನ್ನು ಒಮ್ಮೆಯೂ ನೋಡಿರಲಿಲ್ಲ. ನಾನು ಫೋನಿನಲ್ಲಿ ಹಳೆಯ ಆಟಗಳ ವೀಡಿಯೋ ಹುಡುಕಿ ಕೊಟ್ಟೆ. ಕಣ್ಣಿಗೆ ಹತ್ತಿರ ಹಿಡಿದುಕೊಂಡು, ಹಿಂದೆ ಮುಂದೆ ಓಡಿಸಿ, ಗೆದ್ದವರು ನಿಲ್ಲುವುದನ್ನು ಕಲಿತರು.

ಇಷ್ಟರ ತನಕ ನಾನು ಒಳ್ಳೆಯವನೇ. ಮುಂದಿನದ್ದನ್ನು ಬರೆಯಲು ಕೈ ಬರುವುದಿಲ್ಲ.

ಆಟಕ್ಕೆ ಹನ್ನೆರಡು ದಿನ ಇರುವಾಗ ಮ್ಯಾನೇಜರನ ಫೋನು ಬಂತು. ಈಗ ತುಂಬಾ ಹೆಸರು ಮಾಡಿದ ಕಲಾವಿದರೊಬ್ಬರು ಅವತ್ತು ಬಿಡುವಾಗಿದ್ದಾರಂತೆ, ಅತಿಥಿಯಾಗಿ ಕರೆಯಬಹುದು, ರಾಜನ ವೇಷ ಅವರು ಮಾಡಿದರೆ ಆಟ ಆಗುವ ಗದ್ದೆ ತುಂಬುತ್ತದೆ ಎಂದ. ಆ ಕಲಾವಿದರದ್ದು ನಾನು ಹೇಳಬೇಕಾಗಿಲ್ಲ, ಫೋನು ತೆರೆದರೆ ಅವರ ಕುಣಿತವೇ ಬರುತ್ತದೆ. ಸುಮ್ಮನೆ ಗ್ರೂಪಿನಲ್ಲಿ ಒಂದು ಮಾತು ಹಾಕಿದೆ. ಅಷ್ಟೇ ಸಾಕಾಯಿತು. ಬೈಂದೂರಿನವರು ಗಾಡಿ ಮಾಡಿಕೊಂಡು ಬರುತ್ತೇವೆ ಎಂದರು. ಮುಂಬೈಯವ ರಜೆ ಹಾಕುತ್ತೇನೆ ಎಂದ. ಒಬ್ಬ, "ಹ್ವಾಯ್, ನಿಮ್ ಮನೆ ಆಟ ಅಂದ್ರೆ ಈ ವರ್ಷದ್ ದೊಡ್ಡ ಆಟ ಆತ್ ಕಾಣ್" ಎಂದು ಬರೆದ. ನನ್ನ ತಲೆಯಲ್ಲಿ ಅದೇ ಸುತ್ತಲು ಹತ್ತಿತು. ಅರ್ಧ ಖಾಲಿ ಗದ್ದೆಯಲ್ಲಿ ಮಾವ ಮೊಣಕಾಲು ಹಿಡಿದುಕೊಂಡು ಕುಣಿಯುವುದು ಕಣ್ಣಿಗೆ ಬಂತು. ಜನ ಎದ್ದು ಹೋದರೆ ಮಾವನಿಗೇ ಅವಮಾನ ಎಂದು ನನಗೆ ನಾನೇ ಹೇಳಿಕೊಂಡೆ. ಅವತ್ತೇ ಹೂಂ ಎಂದೆ. ಆ ಕಲಾವಿದರ ಫೋಟೋ ದೊಡ್ಡದಾಗಿ ಹಾಕಿ ನೋಟೀಸು ಮಾಡಿಸಿದೆ.

ಮನೆಗೆ ಬಂದು ಹೇಳುವಾಗ ಮಾವ ತೆಂಗಿನಕಾಯಿ ಸುಲಿಯುತ್ತಿದ್ದರು. ನಾನು ಸುತ್ತಿ ಬಳಸಿ ಹೇಳಿದೆ. ಕೊನೆಗೆ, "ಜನ ಬರ್ಕಲ್ದಾ ಮಾವ" ಎಂದೆ.

ಅವರು ಕಾಯಿ ಸುಲಿಯುವುದನ್ನು ನಿಲ್ಲಿಸಲಿಲ್ಲ. "ಹೌದಲ್ದಾ. ಜನ ಬರ್ಕ್" ಎಂದರು. ಇನ್ನೊಂದು ಕಾಯಿ ಎತ್ತಿಕೊಂಡು, "ಹಂಗಾರೆ ಬಣ್ಣ ಯಾರ್ ಮಾಡ್ತ್ರ್?" ಎಂದು ಕೇಳಿದರು.

"ಮೇಳದವ್ರೇ ಯಾರಾರೂ."

"ನಾನೇ ಮಾಡ್ತೆ. ಅಂಥವ್ರಿಗೆ ಸಮ ಬಿದ್ ಕೊಡುವವ ಬೇಕಲ್ದಾ."

ಆಟದ ಸಂಜೆ ಗದ್ದೆ ತುಂಬಿ ರಸ್ತೆಯ ತನಕ ಜನ. ನನ್ನ ಎದೆ ಉಬ್ಬಿತ್ತು, ಸುಳ್ಳು ಯಾಕೆ ಹೇಳಲಿ. ರಾಜ ರಂಗಸ್ಥಳಕ್ಕೆ ಬಂದಾಗ ಎದ್ದ ಸಿಳ್ಳೆಗೆ ಚೆಂಡೆ ಕೇಳಿಸಲಿಲ್ಲ. ಎಲ್ಲರ ಕೈಯಲ್ಲೂ ಫೋನು. ಮಾವ ರಾಕ್ಷಸನಾಗಿ ಬಂದರು. ಆ ಕಾಲಿನಲ್ಲಿ ಹೇಗೆ ಕುಣಿದರೋ ದೇವರೇ ಬಲ್ಲ. ಯುದ್ಧದ ಪದ್ಯಕ್ಕೆ ರಾಜನ ಒಂದೊಂದು ಹೊಡೆತಕ್ಕೂ ಅವರು ಹಿಂದೆ ಹಿಂದೆ ಹೋದ ರೀತಿ ನೋಡಿ, ಆ ಎಳೆಯ ಕಲಾವಿದರ ಕೈಯಲ್ಲಿ ನಿಜವಾಗಿ ಆನೆಯ ಬಲ ಇದೆ ಎಂದು ಜನ ನಂಬಿದರು. ಕಡೆಗೆ ನಿಂತಲ್ಲಿಂದಲೇ ಬೆನ್ನಡಿಯಾಗಿ ಬಿದ್ದರು. ನನ್ನ ಹತ್ತಿರ ಕೂತಿದ್ದ ಅಮ್ಮ "ಅಯ್ಯೋ" ಎಂದು ಎದ್ದು ನಿಂತಳು. ಗದ್ದೆಯಲ್ಲಿ ಸಿಳ್ಳೆಯೋ ಸಿಳ್ಳೆ. ಆ ಸಿಳ್ಳೆ ರಾಜನಿಗೆ.

ನಾನು ಚೌಕಿಗೆ ಹೋದಾಗ ಹೊರಗೆ ರಾಜ ಗೆದ್ದ ಮೇಲಿನ ಕುಣಿತ ನಡೆದಿತ್ತು. ಮಾವ ಚಾಪೆಯ ಮೇಲೆ ಕಾಲು ಚಾಚಿ ಕೂತು ತೆಂಗಿನೆಣ್ಣೆ ಹಾಕಿ ಬಣ್ಣ ತೆಗೆಯುತ್ತಿದ್ದರು. ಅರ್ಧ ಮುಖ ರಾಕ್ಷಸನದ್ದು, ಅರ್ಧ ಅವರದ್ದು. ನನ್ನನ್ನು ನೋಡಿ, "ಸಮ ಬಿದ್ನಾ?" ಎಂದು ಕೇಳಿದರು.

"ಲಾಯ್ಕ್ ಆಯ್ತ್ ಮಾವ."

"ಅವ್ರ್ ಒಳ್ಳೆ ಮನ್ಷ್ರ್. ಬಪ್ಪತ್ತಿಗೆ ನನ್ನ ಕಾಲ್ ಮುಟ್ಟಿ ನಮಸ್ಕಾರ ಮಾಡ್ರ್" ಎಂದರು. ಮತ್ತೆ ಕನ್ನಡಿಯ ಕಡೆ ತಿರುಗಿದರು.

ಆಮೇಲಿನ ಮಂಗಳವಾರ ನಾನು ಕುಸ್ತಿ ಹಾಕಿ ಕರೆದೆ. "ನೀ ಕಾಣ್ ಮಾಣಿ, ನಂಗೆ ದನಿಗ್ ಹುಲ್ಲ್ ಹಾಕುಕಿತ್ತ್" ಎಂದರು. ಮತ್ತೊಂದು ವಾರವೂ ಏನೋ ಕೆಲಸ. ಮೂರನೇ ವಾರ ನಾನೇ ಕರೆಯಲಿಲ್ಲ. ಸಿಟ್ಟಿದ್ದರೆ ಬೈಯಬಾರದಿತ್ತೇ ಮನುಷ್ಯ! ಒಂದು ಬೈಗುಳ ಬೈದಿದ್ದರೆ ನಾನು ಅವರ ಕಾಲಿಗೆ ಬಿದ್ದು ಅತ್ತು ಹಗುರಾಗುತ್ತಿದ್ದೆ. ಊಟಕ್ಕೆ ಕೂತಾಗ ಮೊದಲಿನ ಹಾಗೇ ಮೀನಿನ ದೊಡ್ಡ ತುಂಡನ್ನು ನನ್ನ ಬಟ್ಟಲಿಗೆ ದೂಡುತ್ತಿದ್ದರು. ಗ್ರೂಪಿನಲ್ಲಿ ಬರೆಯುವುದನ್ನು ಬಿಟ್ಟೆ. ಯಾರಿಗೆ ಬೈಯಲಿ? ಯಾರು ಬೀಳಬೇಕೆಂದು ಒಳಗೆ ಕೂತು ಬರೆದವ ನಾನೇ ಆಗಿದ್ದೆ. ಅಮೆರಿಕದವರಿಗೆ ಆ ಮುದುಕ ನೌಕರ, ನನಗೆ ಇವರು ಎತ್ತಿ ಆಡಿಸಿದ ಮಾವ.

ಆ ವರ್ಷದ ದೀಪಾವಳಿ ಕಳೆದ ಮೇಲೆ ಅವರ ಎದೆಯಲ್ಲಿ ನೀರು ತುಂಬಿತು. ಕುಂದಾಪುರದ ಆಸ್ಪತ್ರೆಯಲ್ಲಿ ನಾಲ್ಕೇ ದಿನ ಇದ್ದರು, ಮತ್ತೆ ಜೀವಂತ ಮನೆಗೆ ಬರಲಿಲ್ಲ. ಮೂರನೇ ದಿನ ಬೆಳಿಗ್ಗೆ ಅಮ್ಮ ಚಾ ತರಲು ಕೆಳಗೆ ಹೋಗಿದ್ದಳು. ಮಾವ ಕಣ್ಣು ಮುಚ್ಚಿ ಮಲಗಿದ್ದರು. ನಿದ್ದೆ ಎಂದುಕೊಂಡಿದ್ದೆ.

"ಮಾಣಿ" ಎಂದರು.

"ಎಂತ ಮಾವ, ನೀರ್ ಬೇಕಾ?"

"ಅಲ್ಲ. ಅವತ್ತ್ ನಾನ್ ರಾಜನ್ ವೇಷ ಕೇಂಡದ್ ತಪ್ಪಾಯ್ತಾ? ನಿಂಗೆ ಕಷ್ಟ ಆಯ್ತಲ್ದಾ? ಕೇಣುಕಾಗ ಇದ್ದಿತ್ತ್ ನಾನ್."

ಒಂಬತ್ತು ತಿಂಗಳು ಅವರು ಇದನ್ನು ಹೊತ್ತುಕೊಂಡು ತಿರುಗಿದ್ದರು. ನನ್ನ ಮೇಲೆ ಸಿಟ್ಟಲ್ಲ. ಕೇಳಬಾರದ್ದನ್ನು ಕೇಳಿದೆ ಎನ್ನುವ ನಾಚಿಕೆ. ಕೋಣೆಯಲ್ಲಿ ನಾವಿಬ್ಬರೇ. ಅಮ್ಮ ಬರಲು ಇನ್ನೂ ಹೊತ್ತಿತ್ತು. ತಪ್ಪು ನಿಮ್ಮದಲ್ಲ ಮಾವ, ನನ್ನದು, ಎಂದು ಹೇಳಲು ಎಷ್ಟು ಹೊತ್ತು ಬೇಕು?

"ಈಗ ಅದೆಲ್ಲ ಎಂತಕೆ ಮಾವ, ಸುಮ್ನೆ ಮನಿಕಣಿ" ಎಂದೆ.

ಅವರು ಹೂಂ ಎಂದು ಗೋಡೆಯ ಕಡೆ ತಿರುಗಿ ಮಲಗಿದರು.