ಒಂಟಿ ಬೂಟಿನ ಸಿಪಾಯಿ

ನನ್ನ ಸೈನ್ಯದಲ್ಲೊಬ್ಬ ಸಿಪಾಯಿ ಬಹಳ ದಿನಗಳಿಂದ ಒಂದೇ ಕಾಲಿಗೆ ಬೂಟು ಹಾಕಿಕೊಂಡು ಕವಾಯತು ಮಾಡುತ್ತಿದ್ದಾನೆ. ತಲೆಗೆ ಶಿರಸ್ತ್ರಾಣ, ಎದೆಗೆ ಉಕ್ಕಿನ ಕವಚ, ಒಂದು ಕೈಯಲ್ಲಿ ಗುರಾಣಿ, ಇನ್ನೊಂದರಲ್ಲಿ ಕೊಡಲಿ, ಎಲ್ಲವೂ ಭರ್ಜರಿಯಾಗಿಯೇ ಇವೆ. ಇನ್ನೊಂದು ಕಾಲು ಮಾತ್ರ ಶುದ್ಧ ದಿಗಂಬರ. ನೀವು ಗಾಬರಿಯಾಗುವ ಮೊದಲೇ ಹೇಳಿಬಿಡುತ್ತೇನೆ: ಈ ಸೈನ್ಯವಿರುವುದು ನನ್ನ ಲ್ಯಾಪ್‌ಟಾಪಿನೊಳಗೆ. ಅದರ ಮಹಾದಂಡನಾಯಕನಾದ ನಾನಿರುವುದು ಕಾಶಿಯ ಶಿವಾಲವೆಂಬ ಬಡಾವಣೆಯಲ್ಲಿ, ಮಂಗಗಳ ಕಾಟಕ್ಕೆ ಕಬ್ಬಿಣದ ಜಾಲರಿ ಹೊಡೆಸಿದ ಮೂರನೆಯ ಮಹಡಿಯಲ್ಲಿ. ವೃತ್ತಿಯಿಂದ ಭೂವಿಜ್ಞಾನದ ಮೇಷ್ಟ್ರು. ಕೈಯಲ್ಲಿ ಹಿಡಿದ ಏಕೈಕ ಆಯುಧವೆಂದರೆ ಕಲ್ಲು ಒಡೆಯುವ ಸುತ್ತಿಗೆ.

ಆಟ ಬಹಳ ವಿಚಿತ್ರವಾದದ್ದು. ಗಡ್ಡಧಾರಿಗಳಾದ ಕುಳ್ಳ ಜನರ ಗುಂಪೊಂದು ಬೆಟ್ಟವನ್ನು ಕೊರೆದು ಕೋಟೆ ಕಟ್ಟಿಕೊಳ್ಳುತ್ತದೆ. ಉಣ್ಣುತ್ತದೆ, ಕುಡಿಯುತ್ತದೆ, ಜಗಳವಾಡುತ್ತದೆ, ಆಗಾಗ ದಂಡೆತ್ತಿ ಬರುವ ರಾಕ್ಷಸರೊಡನೆ ಹೊಡೆದಾಡುತ್ತದೆ. ಇಲ್ಲಿ ಗೆಲುವು ಎಂಬುದೇ ಇಲ್ಲ, ಕೋಟೆ ಬೀಳುವವರೆಗೆ ನಡೆಸಿಕೊಂಡು ಹೋಗುವುದಷ್ಟೇ. ಸಿಪಾಯಿಯ ಕೈ ಹಿಡಿದು ಕೊಡಲಿ ಬೀಸಿಸುವ ಅಧಿಕಾರವೂ ಸೇನಾಪತಿಗಿಲ್ಲ. ಯಾವ ತುಕಡಿ ಯಾವ ತಿಂಗಳು ಅಭ್ಯಾಸ ಮಾಡಬೇಕು, ಎಲ್ಲಿ ಮಾಡಬೇಕು, ಏನು ತೊಡಬೇಕು ಎಂದು ವ್ಯವಸ್ಥೆ ಮಾಡಿಟ್ಟು, ಅವರು ಅದನ್ನು ಪಾಲಿಸುತ್ತಾರೆಂದು ಆಶಿಸುತ್ತಾ ಕುಳಿತುಕೊಳ್ಳಬೇಕು. ವಿಭಾಗದ ಮುಖ್ಯಸ್ಥನಾಗಿದ್ದ ನನಗೆ ಇದು ಹೊಸ ಅನುಭವವೇನೂ ಆಗಿರಲಿಲ್ಲ.

ಆದರೂ ಆರಂಭದಲ್ಲಿ ಸರಿಯಾಗಿಯೇ ಎಡವಿದೆ. ಮೇಷ್ಟ್ರ ಬುದ್ಧಿ ನೋಡಿ, ಇಡೀ ತುಕಡಿಯನ್ನು ಒಂದೇ ತರಗತಿಯಲ್ಲಿ ಕೂಡಿಹಾಕಿದೆ. ಎಲ್ಲರೂ ಬಂದ ಮೇಲೇ ಪಾಠ ಎಂದು ಅವರು ಒಬ್ಬರಿಗೊಬ್ಬರು ಕಾಯುತ್ತಾ ನಿಂತರು. ಒಬ್ಬ ಬರುವಷ್ಟರಲ್ಲಿ ಇನ್ನೊಬ್ಬ ಮಲಗಲು ಹೋಗಿರುತ್ತಿದ್ದ, ಮತ್ತೊಬ್ಬ ಹೆಂಡದ ಪೀಪಾಯಿಯ ಮುಂದೆ ಧ್ಯಾನಸ್ಥನಾಗಿರುತ್ತಿದ್ದ. ಇಬ್ಬಿಬ್ಬರನ್ನಾಗಿ ಬಿಡಿಸಿದ ಮೇಲೆ ವಿದ್ಯೆ ಹತ್ತಿತು. ಆಗ ಅತ್ಯುತ್ಸಾಹದಿಂದ ವರ್ಷಪೂರ್ತಿ ರಜೆಯಿಲ್ಲದ ತಾಲೀಮು ಹಾಕಿದೆ. ಕೊಡಲಿ ಬೀಸುವುದರಲ್ಲಿ ಮಹಾಪ್ರವೀಣೆಯಾದ ಒಬ್ಬಳು, ಗೆಳತಿಯರನ್ನು ಕಾಣದೆ ಬಹುಕಾಲವಾಯಿತೆಂದು ಮೆಟ್ಟಿಲ ಮೇಲೆ ಕುಳಿತು ಅತ್ತಳು. ಈಗ ತಿಂಗಳು ಬಿಟ್ಟು ತಿಂಗಳು ರಜೆ ಕೊಡುತ್ತೇನೆ. ಆಕೆ ಆಯುಧ ಇಳಿಸಿ ತನ್ನ ಗಿಣ್ಣು ಮಾಡುವ ಕೆಲಸಕ್ಕೆ ಸಂತೋಷದಿಂದ ಮರಳುತ್ತಾಳೆ.

ಹೆಂಡದ ವಿಚಾರ ಬಂದದ್ದರಿಂದ ಇದನ್ನೂ ಹೇಳಬೇಕು. ಈ ಜನಕ್ಕೆ ನೀರು ಕುಡಿಸಿದರೆ ಮ್ಲಾನವದನರಾಗುತ್ತಾರೆ. ಆದ್ದರಿಂದ, ಕಾಫಿಗಿಂತ ಗಾಢವಾದ ಪೇಯವನ್ನು ಮುಟ್ಟದ ನಾನು ಒಂದು ಭಟ್ಟಿಯನ್ನು ಸದಾ ಉರಿಸುತ್ತಿರಬೇಕಾಗಿದೆ. ಪಕ್ಕದ ಗಲ್ಲಿಯ ವೆಂಕಣ್ಣಾಚಾರ್ಯರು ಒಮ್ಮೆ ಪಂಚಾಂಗ ಕೊಡಲು ಬಂದವರು ಇದನ್ನು ಕಂಡರು. ನಮ್ಮ ಕಡೆಯ ಯಾತ್ರಿಕರಿಗೆ ಶ್ರಾದ್ಧ, ಪಿಂಡಪ್ರದಾನ ಮಾಡಿಸುವ ಧಾರವಾಡ ಮೂಲದ ಮನೆತನ ಅವರದು. “ಏನ್ರೀ ಸರ, ಗಂಗಾ ದಂಡಿ ಮ್ಯಾಲ ಕೂತು ಹೆಂಡದ ಧಂದಾ ಚಾಲೂ ಮಾಡೀರೇನು?” ಎಂದು ಹೊಟ್ಟೆ ಹಿಡಿದುಕೊಂಡು ನಕ್ಕರು. ಹೋಗುವಾಗ ಬಾಗಿಲಲ್ಲಿ ನಿಂತು, ದನಿ ತಗ್ಗಿಸಿ, “ಊಟಕ್ಕ ಬರ್ರಿ ಒಮ್ಮೆ, ಒಬ್ಬರೇ ಇರತೀರಿ” ಎಂದರು. ಬರುತ್ತೇನೆ ಎಂದೆ, ಹೋಗಲಿಲ್ಲ.

ಮಣಿಕರ್ಣಿಕೆಯಲ್ಲಿ ನನ್ನ ಹೆಂಡತಿ ಶಾರದೆಯ ಕ್ರಿಯೆಗಳನ್ನು ಮಾಡಿಸಿದವರು ಇದೇ ಆಚಾರ್ಯರು. ಶಾರದೆ ಇದ್ದಾಗ ನಮ್ಮ ಮನೆಯಲ್ಲಿ ಮಾತಿನ ಖಾತೆ ಪೂರ್ತಿ ಅವಳದು. ಗುವಾಹಟಿಯಲ್ಲಿ ನದಿಗಳ ಬಗ್ಗೆ ಸಂಶೋಧನೆ ಮಾಡುವ ಮಗಳು ಮೇಧಾ ಭಾನುವಾರ ಫೋನು ಮಾಡಿದರೆ ತಾಯಿ ಮಗಳು ಹರಟೆ ಹೊಡೆಯುತ್ತಿದ್ದರು, ನಾನು ಪತ್ರಿಕೆಯ ಹಿಂದೆ ಕುಳಿತು ನನ್ನ ಪಾಲಿನ ನಗುವನ್ನು ನಗುತ್ತಿದ್ದೆ. ಶಾರದೆ ಹೋದ ಮೇಲೆ ಫೋನು ನೇರವಾಗಿ ನನ್ನ ಕೈಗೆ ಬಂತು. ಊಟ ಆಯ್ತಾ? ಆಯ್ತು ಅಪ್ಪ, ನಿಮ್ದು? ಆಯ್ತು. ಆಮೇಲೆ ಎರಡೂ ಊರುಗಳ ಫ್ಯಾನು ತಿರುಗುವ ಸದ್ದು. ಒಬ್ಬಳೇ ಮಗಳೊಡನೆ ಮಾತನಾಡಲು ಬಾರದ ಅಪ್ಪನ ಸಂಕಟ ಎಂಥದೆಂದು ನಿಮಗೆ ಗೊತ್ತಿಲ್ಲದಿದ್ದರೆ ನೀವು ಪುಣ್ಯವಂತರು.

ಕಳೆದ ರಜೆಗೆ ಬಂದಾಗ, “ಟೈಂಪಾಸ್ ಆಗತ್ತೆ ಅಪ್ಪ, ಒಳ್ಳೇ ಕಲ್ಲುಗಳೂ ಇವೆ ಇದ್ರಲ್ಲಿ” ಎಂದು ಈ ಆಟವನ್ನು ಹಾಕಿಕೊಟ್ಟು ಹೋದಳು. ಮುಂದಿನ ಭಾನುವಾರ, ಬೇರೇನೂ ತೋಚದೆ, ನನ್ನ ಸಿಪಾಯಿಗಳು ಕವಾಯತಿಗೇ ಬರುವುದಿಲ್ಲವಲ್ಲ ಎಂದು ದೂರಿಕೊಂಡೆ. “ಅರೇ ಅಪ್ಪ, ಅವರಿಗೆ ಬ್ಯಾರಕ್ ಕೊಟ್ಟಿದ್ದೀರಾ? ನಹೀ ತೋ ಪಾಪ ಎಲ್ಲಿಗೆ ಬರ್ತಾರೆ?” ಎಂದು ಶುರುಮಾಡಿದವಳು ಕಾಫಿ ಆರಿ ತಣ್ಣಗಾಗುವವರೆಗೂ ನಿಲ್ಲಿಸಲಿಲ್ಲ. ಹಿಂದಿಯಲ್ಲೇ ಬೆಳೆದ ಹುಡುಗಿ. ಗುರಾಣಿ, ಕವಚ, ತುಕಡಿ ಎಂಬ ಪದಗಳನ್ನು ನನ್ನಿಂದ ಕೇಳಿಸಿಕೊಂಡು ತನ್ನ ಬಾಯಲ್ಲಿ ಹೊರಳಿಸಿ ನೋಡುತ್ತಿದ್ದಳು. ಫೋನಿಟ್ಟ ಮೇಲೆ ನಾನು ಸುಮ್ಮಸುಮ್ಮನೆ ಗೋದೌಲಿಯಾ ಚೌಕದವರೆಗೆ ನಡೆದುಹೋಗಿ, ಆ ಜನಜಂಗುಳಿಯಲ್ಲಿ ಸೈಕಲ್ ರಿಕ್ಷಾದವರಿಂದ ಬೈಸಿಕೊಂಡು, ಬಹಳ ಖುಷಿಯಿಂದ ಮನೆಗೆ ಬಂದೆ.

ತೊಂದರೆಯಾದದ್ದು ನಾನು ಆಟದಲ್ಲಿ ಪಳಗಿದ ಮೇಲೆ. ಸೈನ್ಯ ಸುಸಜ್ಜಿತವಾಯಿತು, ರಾಕ್ಷಸರು ಬಂದ ದಾರಿಗೆ ಸುಂಕವಿಲ್ಲವೆಂದು ಮರಳಿದರು. ಆ ಭಾನುವಾರ ಮೇಧಾ “ಕೋಟೆ ಹೇಗಿದೆ?” ಎಂದಳು. ಚೆನ್ನಾಗಿದೆ ಎಂದೆ. “ಅಚ್ಛಾ” ಎಂದಳು. ಮತ್ತೆ ಫ್ಯಾನಿನ ಸದ್ದು ಕೇಳಿಸಿತು.

ಮಾರನೆಯ ದಿನವೇ, ರಜೆಯ ಮೇಲಿದ್ದ ಸಿಪಾಯಿಯೊಬ್ಬ ಉಗ್ರಾಣದಲ್ಲಿ ಕಳಚಿಟ್ಟಿದ್ದ ಬೂಟೊಂದರ ಮೇಲೆ, ಯಾರೂ ಮುಟ್ಟಬಾರದೆಂಬ ನಿಷೇಧದ ಗುರುತು ಹಾಕಿದೆ. ಯಃಕಶ್ಚಿತ್ ಬೂಟು! ಆದರೆ ಅದರ ಮಹಿಮೆಯಿಂದ ಎಷ್ಟೋ ಭಾನುವಾರಗಳು ದಾಟಿದವು. ಸಿಪಾಯಿ ಒಂದೇ ಬೂಟು ಹಾಕಿಕೊಳ್ಳುತ್ತಾನೆ, ಏನು ಮಾಡಲಿ ಎಂದು ಮಗಳಿಗೆ ದೂರಿದೆ. ಸಮವಸ್ತ್ರದ ಆಜ್ಞೆ ಬದಲಿಸಿ ನೋಡಿ ಎಂದಳು, ಬದಲಿಸಿದೆನೆಂದೆ. ಹಳೆಯ ಚಪ್ಪಲಿ ಕಳಚಿಸಿ ಎಂದಳು, ಕಳಚಿಸಿದೆನೆಂದೆ. ವಾರವಿಡೀ ಸಬ್ಜಿಯವನೊಡನೆ, ಹಾಲಿನವನೊಡನೆ, ವಿದ್ಯಾರ್ಥಿಗಳೊಡನೆ ಹಿಂದಿಯಲ್ಲಿ ವ್ಯವಹರಿಸಿ, ಒಗ್ಗರಣೆ ಸೀದುಹೋಯಿತು ಎಂದು ಹೇಳಿಕೊಳ್ಳಲೂ ಒಬ್ಬರಿಲ್ಲದ ಮನೆಯಲ್ಲಿ ಕುಳಿತವನಿಗೆ ಅದೊಂದೇ ಗಂಟೆ ಗಂಟಲಿನಿಂದ ಕನ್ನಡ ಹೊರಡುತ್ತಿತ್ತು. ಆ ಬೂಟು ಸಿಕ್ಕಿಬಿಟ್ಟರೆ ನನ್ನ ಮಗಳು ಕಳೆದುಹೋಗುತ್ತಾಳೆಂಬ ಹೆದರಿಕೆ, ನಾಚಿಕೆಯಿಲ್ಲದೆ ಹೇಳುತ್ತೇನೆ, ನಿಜವಾದ ಹೆದರಿಕೆಯಾಗಿತ್ತು.

ಮೊನ್ನೆ ಭಾನುವಾರ ಬೆಳಿಗ್ಗೆ ಮೇಧಾ, “ಹೀಗೆ ಆಗಲ್ಲ ಅಪ್ಪ, ಸ್ಕ್ರೀನ್ ಶೇರ್ ಮಾಡಿ, ನಾನೇ ನೋಡ್ತೀನಿ” ಎಂದುಬಿಟ್ಟಳು. ಲ್ಯಾಪ್‌ಟಾಪು ಕೆಟ್ಟಿದೆ ಎನ್ನಬಹುದಾಗಿತ್ತು. ಆ ಹೊತ್ತಿಗೆ ಸುಳ್ಳೂ ಕೈಕೊಟ್ಟಿತು. ಅವಳು ಹೇಳಿದಂತೆ ಒಂದೊಂದೇ ಗುಂಡಿ ಒತ್ತುತ್ತಾ ಹೋದೆ. ಜೋಡಿಜೋಡಿಯಾಗಿ ಕಾದಾಡುತ್ತಿದ್ದ ತುಕಡಿ ಕಂಡಿತು. ತಿಂಗಳು ಬಿಟ್ಟು ತಿಂಗಳ ರಜೆಯ ಏರ್ಪಾಡು ಕಂಡಿತು. ಕೊನೆಗೆ ಉಗ್ರಾಣ ತೆರೆಯಿತು. ಅಷ್ಟೆಲ್ಲ ಸಾಮಾನಿನ ನಡುವೆ ಆ ಬೂಟೊಂದಕ್ಕೆ ಮಾತ್ರ ನಿಷೇಧದ ಗುರುತು.

“ಇದು ತಾನಾಗೇ ಆಗಲ್ಲ ಅಪ್ಪ. ನೀವೇ ಹಾಕಿದ್ದು.”

“ಹೌದು” ಎಂದೆ. ಈಗ ನಗುತ್ತಾಳೆ, ಇಲ್ಲವೇ ಬೈಯುತ್ತಾಳೆ ಎಂದುಕೊಂಡೆ.

“ನಾನು ಈ ಗೇಮ್ ಆಡೋದು ಬಿಟ್ಟು ಎಷ್ಟು ದಿನ ಆಯ್ತು ಗೊತ್ತಾ?” ಎಂದಳು, ತಡೆತಡೆದು. “ನಿಮಗೆ ಇನ್‌ಸ್ಟಾಲ್ ಮಾಡಿಕೊಡೋಕೂ ಮುಂಚೆನೇ ಬಿಟ್ಟಿದ್ದೆ. ನೀವೇನಾದ್ರೂ ಕೇಳಿದ್ರೆ ಹೇಳೋಕೆ ಬೇಕಲ್ಲ ಅಂತ ಶನಿವಾರ ಕೂತ್ಕೊಂಡು ಓದಿ ಇಟ್ಕೋತೀನಿ. ಈ ಬೂಟಿಗೋಸ್ಕರ ಎಷ್ಟು ಓದಿದೀನಿ, ಕಸಮ್ ಸೇ.”

ಹೀಗೆ ಇಬ್ಬರು ಮೂರ್ಖರು, ಬ್ರಹ್ಮಪುತ್ರೆಯ ದಂಡೆಯಲ್ಲೊಬ್ಬಳು, ಗಂಗೆಯ ದಂಡೆಯಲ್ಲೊಬ್ಬ, ಇಬ್ಬರಿಗೂ ಬೇಡವಾದ ಕೋಟೆಯೊಂದನ್ನು ಇಷ್ಟು ಕಾಲ ಶ್ರದ್ಧೆಯಿಂದ ಕಾಯ್ದುಕೊಂಡಿದ್ದೆವು. ನಾನು ನಗಲು ಹೋದೆ, ನಗು ಅರ್ಧಕ್ಕೇ ನಿಂತಿತು. ಹಾಗಾದರೆ ಇನ್ನು ಮುಂದೆ ಏನು ಮಾತಾಡುವುದು ಎಂದು ಕೇಳಿದೆ.

“ಸಿಪಾಯಿಗಳನ್ನ ಬಿಡಿ” ಎಂದಳು. “ನೀವು ಹೇಗಿದ್ದೀರಿ ಅಪ್ಪ? ಸಚ್ ಬೋಲಿಯೇ, ನಿಜ ಹೇಳಿ.”

ಚೆನ್ನಾಗಿದ್ದೇನೆ ಎಂಬ ಮಾತು ನಾಲಗೆಯ ತುದಿಯವರೆಗೆ ಬಂತು. ಅದನ್ನು ನುಂಗಿಕೊಂಡೆ.

“ಮನೆ ಬಿಕೋ ಅನ್ನತ್ತೆ ಪುಟ್ಟಿ. ಅಮ್ಮ ಇಲ್ಲ.”

“ನಂಗೂ ಇಲ್ಲ ಅಪ್ಪ” ಎಂದಳು ಮೇಧಾ. ಆಮೇಲೆ ನಾವಿಬ್ಬರೂ ಬಹಳ ಹೊತ್ತು ಅತ್ತೆವು, ಇಬ್ಬರಲ್ಲಿ ಯಾರೂ ಫೋನಿಡಲಿಲ್ಲ.